ಭಾನುವಾರದ ಔಷಧಿ

ಮಜ್ಜಿಗೆಯ ಮೊದಲ ಗುಟುಕಿಗೇ ತಿಪ್ಪಯ್ಯನ ಬಾಯಿ ಕಹಿಯಾಯಿತು. ಇಂಗು, ಕೊತ್ತಂಬರಿ ಏನೇ ಹಾಕಿ ಮುಚ್ಚಿದರೂ ಆ ಕಹಿ ಅವನಿಗೆ ಗೊತ್ತಾಗದೇ ಇರುತ್ತದೆಯೇ? ಅವನದೇ ಸೊಪ್ಪು! ಅಪ್ಪನ ಕಾಲದಿಂದ ಭಾನುವಾರ ಖಾಲಿ ಹೊಟ್ಟೆಯಲ್ಲಿ ಬಂದವರಿಗೆಲ್ಲ ಅರೆದು ಕೊಡುತ್ತಿದ್ದ ಕಾಮಾಲೆ ಔಷಧಿ. ಶ್ರೀರಾಂಪುರದ ಸುತ್ತ ಯಾರ ಕಣ್ಣು ಹಳದಿಯಾದರೂ ಮೊದಲು ನೆನಪಾಗುತ್ತಿದ್ದುದು ಈ ಮನೆಯ ಜಗಲಿಯೇ. ಈಗಲೂ ಅಲ್ಲಿ ಜವನಗೊಂಡನಹಳ್ಳಿಯ ಚಂದ್ರಕ್ಕ, ಅವಳ ಗಂಡ ಮಾರಣ್ಣ ಕೂತಿದ್ದರು. ರಾತ್ರಿಯೇ ಬಂದು ಮಲಗಿದ್ದರು ಪಾಪ. ಔಷಧಿಯನ್ನು ಹೊತ್ತು ಮೂಡಿದ ಮೇಲೆಯೇ ಕುಡಿಯಬೇಕೆಂಬ ಪದ್ಧತಿ. ಮಾರಣ್ಣ ಲೋಟ ಹಿಡಿದು ಕಾಯುತ್ತಿದ್ದ.

ಅಂಥ ತಿಪ್ಪಯ್ಯನ ಲಿವರಿನಲ್ಲೇ ಕ್ಯಾನ್ಸರ್ ಗಡ್ಡೆ. ಊರಿಗೆ ಹೇಳುವುದಾದರೂ ಯಾವ ಬಾಯಲ್ಲಿ? ಗಡ್ಡೆ ದೊಡ್ಡದು, ಈಗ ಕೊಯ್ಯುವಂತಿಲ್ಲ, ನಾಲ್ಕು ಔಷಧಿ ಒಟ್ಟಿಗೆ ಕೊಟ್ಟು ಕುಗ್ಗಿಸಿ ನೋಡೋಣ ಎಂದಿದ್ದರು ಬೆಂಗಳೂರಿನ ಡಾಕ್ಟರು. ಹೆಂಡತಿಯೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಹೊಸದುರ್ಗಕ್ಕೆ ಹೋಗಿಬರುತ್ತೇನೆಂದು ಹೇಳಿ ಅವನು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ. ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟೆ ಎಂದ.

"ತಲೆ ಸರಿ ಕಣಪ್ಪ, ತಿಮ್ಮಪ್ಪ ಹುಬ್ಬೂ ಕೇಳಿದ್ನಾ?" ಎಂದು ಪಕ್ಕದ ಮನೆಯ ಗಂಗಾಧರಪ್ಪ ನಕ್ಕಾಗ ತಾನೂ ನಕ್ಕು, ಒಳಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ.

ಪುಣ್ಯಕ್ಕೆ ಗಡ್ಡೆ ಕುಗ್ಗಿತು. ಆಪರೇಷನ್ ಮಾಡಬಹುದು ಎಂದರು. ಆದರೆ ಹೋದ ವಾರ ರಕ್ತಪರೀಕ್ಷೆ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದ್ದರು.

"ಲಿವರ್ ಊದಿಕೊಂಡಿದೆ. ನಾಟಿ ಔಷಧಿ ಏನಾದ್ರೂ ಕುಡೀತಿದ್ದೀರಾ? ಇದು ಇಳಿಯದೆ ಕೊಯ್ಯೋಕಾಗಲ್ಲ. ಅಷ್ಟರಲ್ಲಿ ಗಡ್ಡೆ ಮತ್ತೆ ಬೆಳೆದ್ರೆ ನಮ್ಮ ಕೈಯಲ್ಲಿ ಏನೂ ಇರಲ್ಲ."

"ದೇವರಾಣೆಗೂ ಇಲ್ರಿ," ಎಂದು ಬಂದಿದ್ದ.

ಈಗ ಒಲೆಯ ಮುಂದಿದ್ದ ಹೆಂಡತಿಯತ್ತ ತಿರುಗಿದ. "ಲೇ ಓಬವ್ವ, ಇದನ್ನ ಯಾವಾಗಿಂದ ಹಾಕ್ತಿದೀಯ?"

ಅವಳು ಮುಚ್ಚಿಡಲಿಲ್ಲ. "ಗಡ್ಡೆ ಕುಗ್ಗೈತೆ ಅಂದ್ರಲ್ಲ, ಅವತ್ತಿಂದ. ಉಳಿದದ್ದೂ ಕರಗ್ಲಿ, ನಿಮ್ಮ ಹೊಟ್ಟೆಗೆ ಕತ್ರಿ ಬೀಳೋದೇ ಬ್ಯಾಡ ಅಂತ. ಊರಿಗೆಲ್ಲ ವಾಸಿ ಮಾಡಿರೋ ಕೈ ನಿಮ್ದು. ನಿಮ್ಮ ಕೈ ಮ್ಯಾಲೆ ನಿಮ್ಗೇ ನಂಬ್ಕೆ ಇಲ್ವೇನ್ರಿ?"

ಎಂಥ ನಂಬಿಕೆ! ತಿಪ್ಪಯ್ಯನಿಗೆ ಅಳು ಬಂತು. ಕುಡಿದುಬಿಟ್ಟರೆ ಇವಳ ಕಣ್ಣಲ್ಲಿ ದೊಡ್ಡವನಾಗೇ ಉಳಿಯಬಹುದು, ಎಷ್ಟು ದಿನ ಉಳಿದರೆ ಅಷ್ಟು ದಿನ. ಗುಟ್ಟಾಗಿ ಚೆಲ್ಲಿದರೆ ನಾಳೆ ಸಾರಿಗೆ ಹಾಕುತ್ತಾಳೆ. ಬದುಕಬೇಕು ಅನ್ನಿಸಿತು ಅವನಿಗೆ, ನಾಚಿಕೆಯಾಗುವಷ್ಟು.

"ಇಲ್ಲ ಕಣೇ," ಎಂದ. ದನಿ ತಾನಾಗಿ ಏರಿತು. "ನನ್ನ ಔಷಧಿ ಮ್ಯಾಲೆ ನಂಗೆ ನಂಬ್ಕೆ ಇಲ್ಲ! ಯಾರ್ಗೆ ಇದ್ರಿಂದ ವಾಸಿಯಾಯ್ತೋ, ಯಾರ್ಗೆ ತಾನಾಗೇ ಹೋಯ್ತೋ, ನಂಗೊತ್ತಿಲ್ಲ. ಇದ್ನೇ ಕುಡ್ಕಂಡು ಕುಂತ್ರೆ ಸಾಯ್ತೀನಿ. ನಂಗೆ ಕ್ಯಾನ್ಸರು ಕಣೇ, ನನ್ನ ಬದುಕಕ್ಕೆ ಬಿಡೇ!"

ಓಬವ್ವ ಅವನ ಹಿಂದಿದ್ದ ಬಾಗಿಲನ್ನೇ ನೋಡುತ್ತಿದ್ದಳು. ಹೊಸ್ತಿಲಾಚೆ ಚಂದ್ರಕ್ಕ ನಿಂತಿದ್ದಳು.

"ಹಂಗಾದ್ರೆ ನಮ್ಮ ಯಜಮಾನ್ರಿಗೆ ಯಾಕೆ ಕೊಟ್ರಿ?"

ಜಗಳಕ್ಕೆ ಬಂದವಳ ದನಿಯಾಗಿದ್ದರೆ ಏನಾದರೂ ಹೇಳಬಹುದಿತ್ತು. ಅವಳು ತಿಳಿಯದೆ ಕೇಳುತ್ತಿದ್ದಳು. ತಿಪ್ಪಯ್ಯ ಎದ್ದು ಜಗಲಿಗೆ ಬಂದ.

"ದುರ್ಗದ ದೊಡ್ಡಾಸ್ಪತ್ರೆಗೆ ಕರ್ಕಂಡು ಹೋಗ್ರಿ. ರಕ್ತ ತೋರಿಸ್ರಿ," ಎಂದಷ್ಟೇ ಬಾಯಿಗೆ ಬಂತು.

ಮಾರಣ್ಣ ಒಂದು ತೊಟ್ಟೂ ತುಳುಕದಂತೆ ಲೋಟವನ್ನು ಅವನ ಕೈಗೆ ಕೊಟ್ಟ. ಗಂಡ ಹೆಂಡತಿ ಬಸ್ ನಿಲ್ದಾಣದ ಕಡೆ ನಡೆದರು. ಎದುರಿಗೆ ಬಂದ ಗಂಗಾಧರಪ್ಪ ಅವರನ್ನು ನಿಲ್ಲಿಸಿ ಏನೋ ಕೇಳಿದ. ಚಂದ್ರಕ್ಕ ಹೇಳತೊಡಗಿದಳು.

ಹೊತ್ತು ಮೂಡಿ ಬಿಸಿಲು ಜಗಲಿಗೆ ಬಂತು. ತುಂಬಿದ ಲೋಟ ಹಿಡಿದು ತಿಪ್ಪಯ್ಯ ನಿಂತೇ ಇದ್ದ. ಒಳಗಿನಿಂದ ಓಬವ್ವ ಕರೆಯಲಿಲ್ಲ.