ಪರದೆಯ ಆಚೆ ಬದಿ

ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿ, ಮೆತ್ತನೆಯ ಬ್ರಷ್ಷಿನಿಂದ ಕತ್ತಿನ ಹಿಂದೆ ಎರಡು ಸಲ ಸವರಿ, ಕ್ಷೌರಿಕ ಲೆಮ್ ಎಂದಿನಂತೆ ರೋಸ್ಕೋನ ಹೆಗಲಿಗೊಂದು ಪೆಟ್ಟು ಹಾಕಿದ.

"ಏಳಪ್ಪ ಮದುಮಗನೇ. ಈ ಮುಖ ಇಟ್ಕೊಂಡು ಮನೆಗೆ ಹೋದ್ರೆ ವರ್ಲೀನ್ ಯಾರೋ ಹುಡುಗ ಬಂದ ಅಂತ ಬಾಗಿಲೇ ತೆಗೆಯಲ್ಲ."

"ತೆಗೀದಿದ್ರೆ ನಿನ್ನ ಮನೆಗೇ ಬರ್ತೀನಿ, ಹಾಸಿಗೆ ಹಾಸಿಡು" ಎನ್ನುತ್ತ ರೋಸ್ಕೋ ಟೇಟಮ್ ಕುರ್ಚಿಯಿಂದಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡ. ಮೂವತ್ತೊಂದು ವರ್ಷ ಅಮೆರಿಕದ ಡೇಟನ್ ಊರಿನ ಬೀದಿಗಳಲ್ಲಿ ಅಂಚೆ ಚೀಲ ಹೊತ್ತ ಬೆನ್ನು ಅದು. ನೆಟ್ಟಗಾಗಲು ಈಗೀಗ ಸ್ವಲ್ಪ ಸಮಯ ಹಿಡಿಯುತ್ತಿತ್ತು.

ಮೇಜಿನ ಮೇಲೆ ದುಡ್ಡಿನ ಪೆಟ್ಟಿಗೆ ಇರಲಿಲ್ಲ. ಮಾರ್ಚಿನಲ್ಲಿ ಯಾರೋ ಹಿಂಬಾಗಿಲು ಮುರಿದು ಅದನ್ನು ಎತ್ತಿಕೊಂಡು ಹೋದ ಮೇಲೆ, ಇನ್ನು ಅಂಗಡಿಯಲ್ಲಿ ನಗದೇ ಬೇಡವೆಂದು ಲೆಮ್‌ನ ಮಗಳು ನಡೀನ್ ಒಂದು ಬಿಳಿಯ ಯಂತ್ರ ತಂದಿಟ್ಟಿದ್ದಳು. ರೋಸ್ಕೋ ಕಾರ್ಡು ತಾಗಿಸಿದ. ಲೆಮ್ ಅದರ ಪರದೆಯನ್ನು ಅವನ ಕಡೆ ತಿರುಗಿಸಿ, "ಅದೇನೋ ಕೇಳತ್ತೆ, ಒತ್ಬಿಡು" ಎಂದು ಹೇಳಿ ತಾನು ಕಿಟಕಿಯಾಚೆ ನೋಡುತ್ತ ನಿಂತ.

ಪರದೆಯ ಮೇಲೆ ಮೂರು ದಪ್ಪ ಚೌಕಗಳಿದ್ದವು: ಶೇಕಡ ಇಪ್ಪತ್ತು, ಇಪ್ಪತ್ತೈದು, ಮೂವತ್ತು. ತೀರ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, 'ಟಿಪ್ಸ್ ಬೇಡ' ಎಂದಿತ್ತು.

ರೋಸ್ಕೋ ತಲೆಯೆತ್ತಿ ಗೆಳೆಯನ ಬೆನ್ನು ನೋಡಿದ. ಲೆಮ್ ಬೇಕೆಂದೇ ಬೀದಿಯನ್ನು ನೋಡುತ್ತಿದ್ದ, ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ರೋಸ್ಕೋನ ಬೆರಳು ತಾನಾಗಿ ನಡುವಿನ ಚೌಕ ಒತ್ತಿತು. "ಬರ್ತೀನಿ ಕಣೋ" ಎಂದಷ್ಟೇ ಹೇಳಿ ಹೊರಬಿದ್ದ.

"ಯಂತ್ರಕ್ಕೂ ಟಿಪ್ಸು ಕೊಡಬೇಕಂತೆ!" ಎಂದು ಅವನು ಸಂಜೆ ಅಡಿಗೆಮನೆಯಲ್ಲಿ ಶುರುಮಾಡಿದ. "ಕಾರು ತೊಳೆಯೋ ಕಡೆ ಹೋದ್ರೆ, ತೊಳೆಯೋದು ಬ್ರಷ್ಷು, ಒರೆಸೋದು ಗಾಳಿ, ಟಿಪ್ಸು ಯಾರಿಗೆ? ಬ್ರೆಡ್ ಅಂಗಡಿಯ ಹುಡುಗಿ ಬ್ರೆಡ್ಡು ಎತ್ತಿ ನನ್ನ ಕೈಗೆ ಕೊಟ್ಲು. ಅಷ್ಟೇ! ಅದಕ್ಕೂ ಪರದೆ ತಿರುಗಿಸ್ತಾಳೆ. ಮೂವತ್ತೊಂದು ವರ್ಷ ಹಿಮದಲ್ಲಿ ಹೆಣದ ಹಾಗೆ ಮರಗಟ್ಟಿಕೊಂಡು ಕಾಗದ ಹಂಚಿದೀನಿ, ಯಾರ ಮುಂದೂ ಕೈಯೊಡ್ಡಲಿಲ್ಲ. ಅವರಾಗಿ ಕ್ರಿಸ್‌ಮಸ್ಸಿಗೆ ಕೈಗವಸು ಕೊಟ್ರು, ಬಿಸ್ಕತ್ತು ಕೊಟ್ರು, ಅದು ಬೇರೆ."

ಹೆಂಡತಿ ವರ್ಲೀನ್ ಬೀನ್ಸಿನ ನಾರು ತೆಗೆಯುತ್ತಿದ್ದಳು. "ಇವತ್ತು ಎಲ್ಲಿ ಕೊಟ್ಟು ಬಂದ್ರಿ?"

"ಲೆಮ್ ಅಂಗಡೀಲಿ."

ಅವಳ ಕೈ ನಿಂತಿತು. "ಲೆಮ್ ಕೇಳಿದ್ನಾ?"

"ಕೇಳ್ದ. ಬಾಯಿಬಿಟ್ಟು ಕೇಳಲಿಲ್ಲ, ಆ ಡಬ್ಬಿ ಕೈಯಲ್ಲಿ ಕೇಳಿಸ್ದ. ಕೇಳಿಸಿ ಮುಖ ಆ ಕಡೆ ತಿರುಗಿಸ್ಕೊಂಡ."

"ನಿಮಗೆ ನಾಲ್ಕು ಡಾಲರ್ ಹೋದದ್ದಕ್ಕೆ ಹೊಟ್ಟೆಯುರೀತಿಲ್ಲ ಬಿಡಿ" ಎಂದಳು ವರ್ಲೀನ್, ಮೆಲ್ಲಗೆ.

ನಿಜ, ಹೊಟ್ಟೆಯುರಿ ಅದಕ್ಕಲ್ಲ. ಅಂಗಡಿಯ ಯಜಮಾನನ ಕೈಗೆ ಟಿಪ್ಸಿಡುವುದು ಅವರ ಕಾಲದ ಗಂಡಸರಲ್ಲಿ ಮರ್ಯಾದೆಯಾಗಿರಲಿಲ್ಲ. ಇಟ್ಟರೆ ನೀನು ಆಳು ಎಂದ ಹಾಗೆ. ಮೇಲಾಗಿ ಅವರಿಬ್ಬರ ನಡುವೆ ಕೊಟ್ಟದ್ದೆಷ್ಟು, ತಗೊಂಡದ್ದೆಷ್ಟು ಎಂಬ ಮಾತು ನಲವತ್ತು ವರ್ಷದಲ್ಲಿ ಬಂದಿರಲಿಲ್ಲ. ರೋಸ್ಕೋಗೆ ಹೃದಯದ ಆಪರೇಷನ್ನಾದಾಗ ಲೆಮ್ ಆಸ್ಪತ್ರೆಗೇ ಬಂದು, ನರ್ಸಿನ ಹತ್ತಿರ ಬೈಸಿಕೊಂಡು, ಗಡ್ಡ ಹೆರೆದು ಹೋಗಿದ್ದ. ಲೆಮ್‌ನ ಹೆಂಡತಿ ತೀರಿಕೊಂಡ ವರ್ಷ ರೋಸ್ಕೋ ಪ್ರತಿ ಗುರುವಾರ ಅವನ ಮನೆಗೆ ಹೋಗಿ ಎದುರು ಕೂತು ಊಟ ಮಾಡಿದ್ದ. ತಾನೊಬ್ಬನೇ ಆದರೆ ಲೆಮ್ ಒಲೆ ಹಚ್ಚುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಅಂಥವನು ಈಗ ತನ್ನನ್ನು ಗಿರಾಕಿಗಳ ಸಾಲಿನಲ್ಲಿ ನಿಲ್ಲಿಸಿದ್ದ.

ಮುಂದಿನ ಸಲ ರೋಸ್ಕೋ ಗಟ್ಟಿ ಮನಸ್ಸು ಮಾಡಿ ಕೆಳಗಿನ ಸಣ್ಣಕ್ಷರದ ಮೇಲೆ ಬೆರಳಿಟ್ಟ. ಒತ್ತಿದ್ದೇ ಬೆರಳು ಸುಟ್ಟಂತಾಯಿತು. ಲೆಮ್ ಆಗಲೂ ಕಿಟಕಿಯಾಚೆ ನೋಡುತ್ತಿದ್ದ. "ಟೊಮೇಟೊ ಬಿಟ್ಟಿದೆಯೇನೋ ಈ ಸಲ?" ಎಂದು ಆ ಕಡೆ ತಿರುಗಿಕೊಂಡೇ ಕೇಳಿದ. "ಹ್ಞೂ, ಇದೆ" ಎಂದ ರೋಸ್ಕೋ, ಕದ್ದ ಮಾಲು ಜೇಬಿನಲ್ಲಿರುವವನಂತೆ ಬಾಗಿಲು ದಾಟಿದ.

ಆಮೇಲೆ ಹೋಗಲಿಲ್ಲ. ಐದು ವಾರ ಕಳೆದವು. ಕಿವಿಯ ಮೇಲೆ ನರೆಗೂದಲು ಪೊದೆಯಾಗಿ ಬೆಳೆಯಿತು. "ಇನ್ನೆರಡು ವಾರ ಬಿಟ್ರೆ ಅಲ್ಲಿ ಗುಬ್ಬಿ ಗೂಡು ಕಟ್ಟತ್ತೆ" ಎಂದಳು ವರ್ಲೀನ್. ಕೊನೆಗೊಂದು ಶನಿವಾರ ಅವನು ಹೆದ್ದಾರಿಯ ಪಕ್ಕದ ಮಾಲ್‌ನ ಸಲೂನಿಗೆ ಹೋಗಿ, ಚೀಟಿ ಹರಿದುಕೊಂಡು, ಸರದಿಯಲ್ಲಿ ಕೂತು, ಹೆಸರು ಗೊತ್ತಿಲ್ಲದ ಹುಡುಗಿಯೊಬ್ಬಳ ಮುಂದೆ ತಲೆ ಬಗ್ಗಿಸಿದ. ಅವಳು ಕಿವಿಗೆ ಏನೋ ಸಿಕ್ಕಿಸಿಕೊಂಡು ಯಾರೊಡನೆಯೋ ಮಾತಾಡುತ್ತಲೇ ಮಿಷನ್ ಆಡಿಸಿದಳು. ಹನ್ನೊಂದು ನಿಮಿಷಕ್ಕೆ ಮುಗಿಯಿತು. ಅಲ್ಲಿಯೂ ಪರದೆ ತಿರುಗಿತು. ಅಲ್ಲಿ ಶೇಕಡ ಇಪ್ಪತ್ತು ಒತ್ತಲು ಅವನಿಗೆ ಯಾವ ಸಂಕಟವೂ ಆಗಲಿಲ್ಲ. ಅದೇ ಅವನಿಗೆ ವಿಚಿತ್ರವಾಗಿ ಕಂಡಿತು.

ಮರುದಿನ ಭಾನುವಾರ. ಚರ್ಚಿನಲ್ಲಿ ಲೆಮ್ ಎರಡು ಸಾಲು ಹಿಂದೆ ಕೂತಿದ್ದ. ಪ್ರಾರ್ಥನೆ ಮುಗಿದು ಜನ ಅಂಗಳದಲ್ಲಿ ನಿಂತು ಮಾತಾಡುತ್ತಿರುವಾಗ ಅವನು ಸೀದಾ ಬಂದು ರೋಸ್ಕೋನ ಬಲಗಿವಿಯ ಹಿಂದೆ ಬೆರಳಿಟ್ಟ.

"ಇಲ್ಲೊಂದು ಕಚ್ಚು ಬಿದ್ದಿದೆ. ಇಲಿ ಕಡೀತಾ?"

ರೋಸ್ಕೋ ಕಾಲರನ್ನು ಮೇಲೆಳೆದುಕೊಂಡ. ವರ್ಲೀನ್ ಪಕ್ಕದವಳನ್ನು ಮಾತಾಡಿಸುವ ನೆಪ ಮಾಡಿಕೊಂಡು ದೂರ ಸರಿದಳು.

ಲೆಮ್‌ನ ಮುಖದ ನಗು ಇಳಿಯಿತು. ಅವನು ದನಿ ತಗ್ಗಿಸಿದ. "ಹೋಗ್ಲಿ ಬಿಡು. ಆದ್ರೆ ನೀನಾದ್ರೂ ಹೇಳಬಹುದಿತ್ತು ರೋಸ್ಕೋ. ಬೇರೆಯವರು ಸುಮ್ಮನೆ ಜಾರಿಕೊಂಡ್ರು, ಸರಿ. ನೀನು ಹೇಳಬಹುದಿತ್ತು."

"ಏನನ್ನ?"

"ನನ್ನ ಕೈ." ಲೆಮ್ ಬಲಗೈಯನ್ನು ಮುಂದೆ ಚಾಚಿದ. ಗಾಳಿಗೆ ಎಲೆ ಅಲುಗಿದಷ್ಟೇ ಬೆರಳುಗಳು ಅದುರುತ್ತಿದ್ದವು. "ವಸಂತದಿಂದ ಹೀಗೆ. ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ. ಆಮೇಲೆ ಒಬ್ಬೊಬ್ರೇ ಮೌನವಾದ್ರು. ಕುರ್ಚಿ ಮೇಲೆ ಕೂತಿರೋವರೆಗೆ ನಗ್ತಾರೆ, ಏಳೋ ಹೊತ್ತಿಗೆ ಮುಖ ಗಂಟು. ದುಡ್ಡು ಕೊಟ್ಟು ತಲೆ ತಗ್ಗಿಸ್ಕೊಂಡು ಓಡ್ತಾರೆ. ವೆಂಡೆಲ್ ಬರೋದು ಬಿಟ್ಟ. ಕಾಲ್ವರ್ಟ್ ಬಿಟ್ಟ. ಈಗ ನೀನು. ನಡೀನ್‌ಗೆ ಹೇಳಿಲ್ಲ, ಕ್ರಿಸ್‌ಮಸ್ ಆದ್ಮೇಲೆ ಬಾಗಿಲು ಹಾಕ್ಬಿಡೋಣ ಅಂತಿದೀನಿ."

ರೋಸ್ಕೋ ಆ ಕೈಯನ್ನು ನೋಡಿದ. ಎಷ್ಟು ಸಲ ಆ ಕುರ್ಚಿಯಲ್ಲಿ ಕೂತಿದ್ದ, ಅವನಿಗೆ ಅದು ಕಂಡೇ ಇರಲಿಲ್ಲ.

"ಅಂಗಡಿ ಬೀಗದ ಕೈ ಇದೆಯೇನೋ?" ಎಂದ.

"ಇದೆ. ಯಾಕೆ?"

"ನಡಿ."

ಅಂಗಡಿ ಮೂರು ಬೀದಿಯಾಚೆಗಿತ್ತು. ಭಾನುವಾರದ ಸೂಟಿನಲ್ಲಿ ಇಬ್ಬರೂ ಮಾತಿಲ್ಲದೆ ನಡೆದರು. ಒಳಗೆ ಬಂದ ಮೇಲೆ ರೋಸ್ಕೋ ಯಂತ್ರ ಚಾಲೂ ಮಾಡು ಎಂದ. ಲೆಮ್ ನಡೀನ್ ಹೇಳಿಕೊಟ್ಟಂತೆ ಒಂದೊಂದೇ ಗುಂಡಿ ಒತ್ತಿ ಹದಿನಾರು ಡಾಲರ್ ಮೂಡಿಸಿದ. ರೋಸ್ಕೋ ಕಾರ್ಡು ತಾಗಿಸಿದ. ಲೆಮ್ ಅಭ್ಯಾಸಬಲದಿಂದ ಪರದೆಯನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿದ.

"ಅಲ್ಲೇನು ನೋಡ್ತೀಯ?"

"ಏನಿಲ್ಲಪ್ಪ. ನೀವೆಲ್ಲ ಗುಟ್ಟಿನ ನಂಬರು ಒತ್ತುವಾಗ ನಾನು ಯಾಕೆ ನೋಡ್ಲಿ? ಸಭ್ಯತೆ ಇಲ್ವಾ?"

ರೋಸ್ಕೋ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಗೆಳೆಯನ ಕಡೆ ತಿರುಗಿಸಿದ. "ಕನ್ನಡಕ ಹಾಕ್ಕೊ. ಓದು."

ಲೆಮ್ ಓದಿದ. ಒಮ್ಮೆ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದ. ಆಮೇಲೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕುಸಿದು ಕೂತ.

"ಇದನ್ನ... ಎಲ್ಲರ ಮುಂದೂ ಹಿಡಿದ್ನಾ ನಾನು?"

"ಹಿಡಿದೆ."

"ವೆಂಡೆಲ್ ಮುಂದೂ? ಪಾದ್ರಿಯ ಮುಂದೂ?" ಅವನು ಅಂಗೈಯಿಂದ ಬಾಯಿ ಮುಚ್ಚಿಕೊಂಡ. "ನಿನ್ನ ಮುಂದೆ."

ನಡೀನ್‌ಗೆ ಫೋನು ಮಾಡಿದವನು ರೋಸ್ಕೋ. ಅವಳು ಹತ್ತು ನಿಮಿಷದಲ್ಲಿ ಚರ್ಚಿನ ಟೋಪಿಯಲ್ಲೇ ಬಂದಳು. ನಲವತ್ತೈದರ ಗಟ್ಟಿ ಹೆಂಗಸು. ಅಪ್ಪನ ಮುಖ, ಪರದೆ, ರೋಸ್ಕೋ, ಮೂರನ್ನೂ ನೋಡಿ ಅವಳಿಗೆ ವಿಷಯ ತಿಳಿದುಹೋಯಿತು.

"ಆ ಪುಟ ಯಂತ್ರದ ಜೊತೆಗೇ ಬಂದಿತ್ತು ಅಪ್ಪ. ತೆಗೀಬಹುದಿತ್ತು. ನಾನೇ ತೆಗೀಲಿಲ್ಲ."

"ನನ್ನ ಕೈಯಲ್ಲಿ ಭಿಕ್ಷೆ ಬೇಡಿಸಿದೆಯಲ್ಲೇ!"

"ಬೇಡಿಸಿದೆ." ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದಳು. "ಕಟ್ಟಡದವನು ಬಾಡಿಗೆ ಎರಡು ಸಲ ಏರಿಸಿದ. ನೀನು ಹನ್ನೊಂದು ವರ್ಷದಿಂದ ಅದೇ ಹದಿನಾರು ಡಾಲರ್. ಜಾಸ್ತಿ ಮಾಡು ಅಂದ್ರೆ 'ಅವರೆಲ್ಲ ನನ್ನ ಜನ ಕಣೇ, ಹೆಂಗೆ ಕೇಳ್ಲಿ' ಅಂತೀಯ. ನಿನಗೆ ಕೇಳಕ್ಕೆ ಬಾಯಿ ಬರಲ್ಲ. ಅದಕ್ಕೆ ಅದೇ ಕೇಳ್ಲಿ ಅಂತ ಬಿಟ್ಟೆ. ಈ ನಾಲ್ಕು ತಿಂಗಳು ಅಂಗಡಿ ತೆರೆದಿರೋದು ಅದರಿಂದ್ಲೇ, ಗೊತ್ತಾ?"

ಗೋಡೆಯ ಮೇಲೆ ದರದ ಹಲಗೆ ಇತ್ತು; ರೋಸ್ಕೋ ಅದನ್ನು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಓದಿದ. ಮಾಲ್‌ನ ಹುಡುಗಿ ಹನ್ನೊಂದು ನಿಮಿಷಕ್ಕೆ ಇಪ್ಪತ್ತೆಂಟು ಡಾಲರ್ ತೆಗೆದುಕೊಂಡಿದ್ದಳು. ಬ್ರೆಡ್ಡಿನ ಮೇಲೆ, ಕಾರಿನ ಮೇಲೆ, ಊರಿನ ಪರದೆಗಳ ಮೇಲೆಲ್ಲ ತಾನು ಹರಿಹಾಯ್ದದ್ದು ನೆನಪಾಯಿತು. ಹದಿನಾರು ಡಾಲರಿನಲ್ಲಿ ಲೆಮ್ ಹೇಗೆ ಬದುಕುತ್ತಾನೆ ಎಂದು ಮಾತ್ರ ಒಂದು ದಿನವೂ ಅನಿಸಿರಲಿಲ್ಲ. ಗೆಳೆತನದಲ್ಲಿ ಲೆಕ್ಕವಿಲ್ಲ ಎಂದುಕೊಂಡಿದ್ದ. ಲೆಕ್ಕವಿಲ್ಲದ್ದು ತನಗೆ ಅನುಕೂಲವಾಗಿತ್ತು.

"ನಡೀನ್, ಆ ಪುಟ ತೆಗೆದುಹಾಕಮ್ಮ" ಎಂದ. "ತೆಗೆದು, ದರ ಇಪ್ಪತ್ತೈದು ಮಾಡು."

"ಅಯ್ಯೋ, ಇಪ್ಪತ್ತೈದಾ!" ಎಂದು ಲೆಮ್ ಗಾಬರಿಯಾದ. "ಯಾರು ಕೊಡ್ತಾರೋ? ಗೇನ್ಸ್ ಮುದುಕನ ಪೆನ್ಷನ್ನು ಎಷ್ಟು ಅಂತ ಗೊತ್ತಾ ನಿನಗೆ?"

"ಗೇನ್ಸ್ ಹತ್ರ ನೀನು ಯಾವಾಗ ತಗೊಂಡಿದೀಯ? ಹೋದ ವರ್ಷ ಒಂದು ಸಲನಾದ್ರೂ ತಗೊಂಡ್ಯಾ?"

ಲೆಮ್ ಪಾದರಕ್ಷೆಯ ತುದಿ ನೋಡಿಕೊಂಡ. ನಡೀನ್ ಅಪ್ಪನ ಕಡೆ ತಿರುಗಿದಳು. "ತಗೊಂಡಿಲ್ವಾ?"

"ಅವನು ಮರೆತುಬಿಡ್ತಾನೆ. ನೆನಪಿಸೋಕೆ ನನಗೂ ಮರೆತುಹೋಗತ್ತೆ."

ನಡೀನ್‌ಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. "ನೀವು ಹೇಳಿ ರೋಸ್ಕೋ ಅಂಕಲ್. ನನ್ನ ಮಾತು ಈ ಮನುಷ್ಯನಿಗೆ ನಾಟಲ್ಲ."

"ಕೊಡೋರು ಕೊಡ್ತಾರೆ ಲೆಮ್. ವೆಂಡೆಲ್‌ಗೂ ಕಾಲ್ವರ್ಟ್‌ಗೂ ನಾನು ಹೇಳ್ತೀನಿ. ಮೂವತ್ತೊಂದು ವರ್ಷ ಮನೆಮನೆಗೆ ಸುದ್ದಿ ಮುಟ್ಟಿಸಿದೋನು ನಾನು, ಇದೊಂದು ಮುಟ್ಟಿಸೋದು ಕಷ್ಟ ಆಗಲ್ಲ. ಯಾರೂ ಕೈ ನೋಡಿ ಬಿಟ್ಟು ಹೋದದ್ದಲ್ಲ ಕಣೋ. ನೀನು ದೂರ ಮಾಡಿದೆ ಅಂತ ಹೋದದ್ದು. ನಾನೂ ಅಷ್ಟೆ." ಅವನು ಬೆಂಚಿನ ಹತ್ತಿರ ಬಂದು ನಿಂತ. "ಮುಖಕ್ಕೆ ಮುಖ ಕೊಟ್ಟು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು."

"ನಲವತ್ತು ವರ್ಷದಲ್ಲಿ ನಿನ್ನ ಬಾಯಿಂದ ಈ ಮಾತು ಮೊದಲ ಸಲ ಕೇಳ್ತಿದೀನಿ" ಎಂದ ಲೆಮ್. "ನಡೀನ್, ನೀನೇ ಸಾಕ್ಷಿ."

"ಡಾಕ್ಟ್ರ ಹತ್ರ ಕೈ ತೋರಿಸ್ತೀಯ. ಇದೇ ವಾರ" ಎಂದ ರೋಸ್ಕೋ.

"ಯಾವ ಕೈ?" ಎಂದಳು ನಡೀನ್.

ಲೆಮ್ ಗೆಳೆಯನನ್ನು ದುರುಗುಟ್ಟಿ ನೋಡಿದ. ಆಮೇಲೆ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ, ಮಗಳ ಮುಂದೆ ಕೈ ಚಾಚಿದ. ಅವಳು ಅದನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡು ಅವನ ಪಕ್ಕ ಕೂತಳು. ಬೈಯಲಿಲ್ಲ. "ಗುರುವಾರ ನಾನು ರಜೆ ಹಾಕ್ತೀನಿ" ಎಂದಷ್ಟೇ ಹೇಳಿದಳು.

ರೋಸ್ಕೋ ಕೋಟು ತೆಗೆದು ಗೂಟಕ್ಕೆ ಸಿಕ್ಕಿಸಿದ, ಟೈ ಸಡಿಲಿಸಿ ಕುರ್ಚಿ ಹತ್ತಿ ಕೂತ.

"ಇವತ್ತು ಭಾನುವಾರ ಕಣೋ" ಎಂದ ಲೆಮ್.

"ಈ ತಲೆ ಇಟ್ಕೊಂಡು ಊರೆಲ್ಲ ಸುದ್ದಿ ಹೇಳ್ಕೊಂಡು ಹೋಗ್ಲಾ? ಯಾರು ನಂಬ್ತಾರೆ?"

ಲೆಮ್ ಕೈ ತೊಳೆದುಕೊಂಡು ಬಂದ. ಬಟ್ಟೆ ಹೊದಿಸಿ ಕತ್ತಿನ ಹಿಂದೆ ಗಂಟು ಹಾಕುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು, ರೋಸ್ಕೋ ಕಾದ. ಕತ್ತರಿ ಕಿವಿಯ ಹತ್ತಿರ ಬಂದು, ತಣ್ಣಗೆ ತಾಗಿ, ಹಿಂದೆ ಸರಿಯಿತು. ಮತ್ತೆ ಬಂತು. ಕನ್ನಡಿಯಲ್ಲಿ ಲೆಮ್‌ನ ಹಣೆಯ ಮೇಲೆ ಬೆವರು ಕಾಣಿಸಿತು.

"ಮಣಿಕಟ್ಟು ನನ್ನ ತಲೆ ಮೇಲೆ ಇಟ್ಕೊ" ಎಂದ ರೋಸ್ಕೋ. "ಭಾರ ಬಿಡು. ಅಂಚೆ ಚೀಲ ಹೊತ್ತ ಕತ್ತು, ತಡಿಯತ್ತೆ."

ಲೆಮ್ ಒಂದು ಗಳಿಗೆ ತಡೆದ. ಆಮೇಲೆ ಮಣಿಕಟ್ಟನ್ನು ಗೆಳೆಯನ ನೆತ್ತಿಯ ಪಕ್ಕಕ್ಕೆ ಊರಿದ. ಬೆರಳ ನಡುಕ ತಲೆಬುರುಡೆಯ ಮೂಲಕ ರೋಸ್ಕೋನ ಹಲ್ಲಿನವರೆಗೂ ತಿಳಿಯುತ್ತಿತ್ತು, ಮೆಲ್ಲಗೆ ಕಡಿಮೆಯಾಯಿತು. ಕತ್ತರಿ ಸದ್ದು ಮಾಡತೊಡಗಿತು. ಹೊರಗೆ ಚರ್ಚಿನಿಂದ ಮನೆಗೆ ಹೊರಟ ಹೆಂಗಸರು ಟೋಪಿ ಹಿಡಿದುಕೊಂಡು ಗಾಜಿನೊಳಗೆ ಇಣುಕಿ ಹೋದರು. ರೋಸ್ಕೋ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಆ ಕೈಯ ಕೆಳಗೆ ತಲೆಯನ್ನು ಅಲುಗಿಸದೆ ಕೂತಿದ್ದ.