ಜಾರುಗೈ ಸೊಸೆ

ಕತ್ತರಿ ಮೇಜಿಗೆ ತಾಗಿತೇ ಎಂದು ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಆಮೇಲೆ ಸೊಸೆ ಬೆರಳು ಸಡಿಲಿಸಿದಳು. ಹನ್ನೊಂದು ವರ್ಷದಿಂದ ಇದೇ ಅಭ್ಯಾಸ. ಲೋಟವಾಗಲಿ, ಸೂಜಿಡಬ್ಬಿಯಾಗಲಿ, ಬಾಚಣಿಗೆಯಾಗಲಿ, ಕೆಳಗೆ ಊರಿದ ಮೇಲೆಯೇ ಕೈಬಿಡಬೇಕು. ಉಳಿದವರಿಗೆ ಇದು ಅಂಬೆಗಾಲಿಡುವಾಗಲೇ ಬಂದುಬಿಡುವ ವಿದ್ಯೆ. ಅವಳು ಇಪ್ಪತ್ತರಲ್ಲಿ ಕಲಿತವಳು.

ಅವಳು ಹುಟ್ಟಿದ್ದು ಹಡಗಿನಲ್ಲಿ. ನಕ್ಷತ್ರಗಳ ನಡುವೆ ಮೂರು ತಲೆಮಾರಿನಿಂದ ತೇಲುತ್ತಿದ್ದ, ಭಾರವೆಂಬುದೇ ಇಲ್ಲದ ಹಡಗು. ಅಲ್ಲಿ ಲೋಟವನ್ನು ಗಾಳಿಯಲ್ಲೇ ಬಿಟ್ಟು ಮಾತಾಡಿ, ಮಾತು ಮುಗಿದ ಮೇಲೆ ಅದೇ ಜಾಗದಿಂದ ತೆಗೆದುಕೊಂಡು ಕುಡಿಯಬಹುದಿತ್ತು. ಅಮ್ಮ ಹೊಲಿಗೆಗೆ ತೊಡಗಿದರೆ ಕತ್ತರಿ, ದಾರ, ಗುಂಡಿಗಳೆಲ್ಲ ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಅವಳ ಸುತ್ತ ಬಿಟ್ಟಲ್ಲೇ ನಿಂತಿರುತ್ತಿದ್ದವು.

ಆಮೇಲೆ ಯುದ್ಧ ಬಂತು. ಚಕ್ರದೂರುಗಳು ಗೆದ್ದವು, ಹಡಗುಗಳು ಒಡೆದವು. ಅವಳೊಬ್ಬಳು ಗಾಳಿಯುಡುಪಿನೊಳಗೆ ಎರಡು ದಿನ ತೇಲಿದಳು. ಒಂದು ಬಾಚಣಿಗೆ, ಒಂದು ಚಮಚ, ಯಾರದೋ ಹೊದಿಕೆ ಅವಳ ಜೊತೆಗೇ ಸದ್ದಿಲ್ಲದೆ ತೇಲುತ್ತಿದ್ದವು. ಗುಜರಿ ದೋಣಿಯವರು ಎತ್ತಿಕೊಂಡಾಗ, "ನಾನೂ ಚಕ್ರದವಳೇ, ಹಡಗಿನವರ ಸೆರೆಯಲ್ಲಿದ್ದೆ" ಎಂದುಬಿಟ್ಟಳು. ಕೆಲಸ, ಮದುವೆ, ಮನೆ ಎಲ್ಲವೂ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು. ಹಡಗಿನವರು ಸಿಕ್ಕರೆ ತಪಾಸಣೆಯವರು ಈಗಲೂ ಹಿಡಿದೊಯ್ಯುತ್ತಾರೆ. ಒಯ್ದವರು ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ.

ಈಗಿನ ಊರೆಂದರೆ ಶೂನ್ಯದಲ್ಲಿ ತಿರುಗುವ ದೊಡ್ಡದೊಂದು ಚಕ್ರ. ತಿರುಗುವುದರಿಂದ ಅಂಚಿನ ಬೀದಿಗಳಲ್ಲಿ ಎಲ್ಲಕ್ಕೂ ಭಾರವಿದೆ. ನಟ್ಟನಡುವಿನ ಸರಕುಕಟ್ಟೆಯಲ್ಲಿ ಮಾತ್ರ ಇಲ್ಲ. ಗಂಡ ಅಲ್ಲಿ ಕ್ರೇನ್ ನಡೆಸುತ್ತಾನೆ. "ಒಂದ್ಸಲ ಬಂದು ನೋಡೇ" ಎಂದು ಎಷ್ಟು ಕರೆದರೂ ಅವಳು ತಲೆ ಸುತ್ತುತ್ತದೆಂದು ತಪ್ಪಿಸಿಕೊಂಡಿದ್ದಳು. ಅಲ್ಲಿಗೆ ಹೋದರೆ ತನ್ನ ಮೈ ನೀರಿಗೆ ಬಿದ್ದ ಮೀನಾಗುತ್ತದೆ, ನೋಡಿದವರಿಗೆಲ್ಲ ಗುಟ್ಟು ರಟ್ಟಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕೆಲಸಗಾರರ ಗಾಳಿಯುಡುಪುಗಳಿಗೆ ತೇಪೆ ಹಾಕುತ್ತಾಳೆ. ಒಳಗೆ ಅತ್ತೆಯ ರಾಜ್ಯ. ಅತ್ತೆಯ ಮೇಲೆ ಅವಳಿಗೊಂದು ಹಳೆಯ ಸಿಟ್ಟು. ಮದುವೆಯಾದ ಹೊಸದರಲ್ಲಿ ಮೂರು ಗಾಜಿನ ಲೋಟ ಒಡೆದದ್ದಕ್ಕೆ ಆ ಹೆಂಗಸು ಬೀದಿಯ ಮನೆಮನೆಗೂ ಹೋಗಿ "ನಮ್ಮದು ಜಾರುಗೈ ಸೊಸೆ" ಎಂದು ಸಾರಿ ಬಂದಿದ್ದಳು. ಮನೆಗೆ ಸ್ಟೀಲ್ ಲೋಟಗಳು ಬಂದವು. ಒಡೆಯುವಂಥದ್ದು ಉಳಿದದ್ದು ಒಂದೇ, ಅತ್ತೆಗೆ ಅವರಮ್ಮ ಕೊಟ್ಟಿದ್ದ ನೀಲಿ ಅಂಚಿನ ಪಿಂಗಾಣಿ ಬಟ್ಟಲು. ಅದನ್ನು ಮಗನೂ ಮುಟ್ಟುವ ಹಾಗಿರಲಿಲ್ಲ.

ಆ ಮಧ್ಯಾಹ್ನ ಅಂಗಡಿಗೆ ಬಂದದ್ದು ತಪಾಸಣೆಯವನು. ನಿದ್ದೆಗಣ್ಣಿನ, ಮೆತ್ತಗಿನ ಮಾತಿನ ಮನುಷ್ಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅವನ ಎದೆಯ ಮೇಲಿನ ಬಿಲ್ಲೆ ಕಂಡೊಡನೆ ಅವಳು ಮೇಜಿನ ಮೇಲಿನದೆಲ್ಲ ಊರಿದೆಯೇ ಎಂದು ಮತ್ತೊಮ್ಮೆ ನೋಡಿಕೊಂಡಳು.

"ಏನಿಲ್ಲಮ್ಮ, ಈ ಕೈಗವಸು ಸ್ವಲ್ಪ ಬಿಟ್ಕೊಂಡಿದೆ. ಹೊಲಿಯೋಕಾಗುತ್ತಾ ನೋಡಿ," ಎಂದು ಅವನು ಮೇಜಿನೆದುರು ಕೂತ.

ಅವಳು ಎಡಗೈಯಲ್ಲಿ ಕೈಗವಸು ಹಿಡಿದು, ಬಲಗೈಯಲ್ಲಿ ಕತ್ತರಿ ತೆಗೆದುಕೊಂಡು, ಬಿಟ್ಟ ನೂಲನ್ನು ಕತ್ತರಿಸಲೆಂದು ಒಳಮೈ ಮಗುಚಿದಳು. ಹೆಬ್ಬೆರಳಿನ ಬುಡದಲ್ಲಿ ಹೊಲಿಗೆ ಮೂರು ಮುಂದೆ, ಒಂದು ಹಿಂದೆ ಹೋಗಿತ್ತು. ಕೊನೆಯಲ್ಲಿ ಒಂದೇ ಒಂದು ಕೆಂಪು ಎಳೆಯ ಗಂಟು. ಹಾಕಿಕೊಂಡವರಿಗೆ ಹೊಲಿದವರ ನೆನಪಿರಲಿ ಎಂದು ಅಮ್ಮ ಹಾಕುತ್ತಿದ್ದ ಗಂಟು.

ಕಿಟಕಿಯ ಬೆಳಕು ಚಕ್ರದ ಜೊತೆ ಸರಿಯುತ್ತಾ ಮೇಜು ದಾಟಿ ಅವಳ ಮೊಣಕೈ ಮೇಲೆ ಬಂತು. ಅಮ್ಮನ ಬಿಚ್ಚಿದ ಕೂದಲು ಹೊಗೆಯಂತೆ ಮೇಲೆದ್ದದ್ದು ಕಂಡಿತು, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಗುನುಗುವ ದನಿ ಕೇಳಿತು. ಅಂಗಡಿ, ತಪಾಸಣೆಯವನು, ಹನ್ನೊಂದು ವರ್ಷ ಎಲ್ಲವೂ ಮಂಜಿನಂತೆ ಕರಗಿದವು. ಆ ಗಂಟನ್ನು ಎರಡೂ ಕೈಯಲ್ಲಿ ಮುಟ್ಟಬೇಕೆನಿಸಿತು. ಅವಳು ಕತ್ತರಿಯನ್ನು ಮೆಲ್ಲಗೆ, ಜೋಪಾನವಾಗಿ, ಗಾಳಿಯಲ್ಲಿ ಇಟ್ಟಳು.

ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು.

ತಪಾಸಣೆಯವನ ಕಣ್ಣಲ್ಲಿ ಈಗ ನಿದ್ದೆ ಇರಲಿಲ್ಲ. ಕೈಜಾರುವುದು ಬೇರೆ, ಕೈಯಾರೆ ಬಿಡುವುದು ಬೇರೆ. ಅದನ್ನು ನೋಡಲೆಂದೇ ಅವನು ಒಡೆದ ಹಡಗಿನ ಆ ಕೈಗವಸನ್ನು ಬೀದಿ ಬೀದಿ ತಿರುಗಿಸುತ್ತಿದ್ದನೆಂದು ಅವಳಿಗೆ ಆಗ ಹೊಳೆಯಿತು.

"ಅದೇನಮ್ಮ, ಕತ್ತರಿನ ಹಾಗೆ..."

ಫಳ್! ಒಳಬಾಗಿಲಲ್ಲಿ ಅತ್ತೆ ನಿಂತಿದ್ದಳು. ಚಾಚಿದ ಕೈಯ ಬೆರಳುಗಳು ಇನ್ನೂ ಅಗಲವಾಗಿಯೇ ಇದ್ದವು. ಕಾಲ ಬುಡದಲ್ಲಿ ನೀಲಿ ಅಂಚಿನ ಚೂರುಗಳು, ಚಹಾದ ಹೊಳೆ.

"ಅಯ್ಯಯ್ಯೋ, ನಮ್ಮಮ್ಮನ ಬಟ್ಟಲು!" ಅತ್ತೆ ಬೀದಿಗೆಲ್ಲ ಕೇಳುವಂತೆ ಬೊಬ್ಬೆಯಿಟ್ಟಳು. "ನೋಡಿದ್ರಾ, ಹೇಗೆ ಕುಲುಕ್ತು ನೋಡಿದ್ರಾ? ಕಟ್ಟೆಗೆ ಸರಕು ಬಂದಾಗೆಲ್ಲ ಈ ಹಾಳು ಚಕ್ರ ಹೀಗೇ ಎಗರುತ್ತೆ! ಅವಳ ಕೈಲಿ ಕತ್ತರಿ ನಿಲ್ಲಲ್ಲ, ನನ್ನ ಕೈಲಿ ಬಟ್ಟಲು ನಿಲ್ಲಲ್ಲ. ಬರ್ಕೊಳಿ ಸ್ವಾಮಿ, ದೂರು ಬರ್ಕೊಳಿ!"

"ನನಗೇನೂ ಕುಲುಕಿದ ಹಾಗೆ ಅನ್ನಿಸ್ಲಿಲ್ಲವಲ್ಲ ಅಜ್ಜಿ."

"ಕೂತಿರೋರಿಗೆ ಎಲ್ಲಿ ಗೊತ್ತಾಗುತ್ತೆ? ನಿಂತು ದುಡಿಯೋರನ್ನ ಕೇಳಿ!"

"ನಾನು ಆ ಇಲಾಖೆಯವನಲ್ಲ..."

"ಯಾರನ್ನ ಕೇಳಿದ್ರೂ ಇದೇ ಮಾತು!" ಅತ್ತೆ ಚೂರುಗಳ ನಡುವೆ ಕುಕ್ಕರಿಸಿ ಅಳತೊಡಗಿದಳು. ಅದು ನಾಟಕದ ಅಳುವಾಗಿರಲಿಲ್ಲ. ಬಟ್ಟಲು ನಿಜವಾಗಿಯೂ ಹೋಗಿತ್ತು.

ಅವನು ಸೊಸೆಯ ಮುಖ ನೋಡಿದ, ಮುದುಕಿಯ ಕಣ್ಣೀರು ನೋಡಿದ. ಕೊನೆಗೆ ಕೈಗವಸನ್ನು ಜೇಬಿಗೆ ತುರುಕಿಕೊಂಡು, ದೂರು ತಲುಪಿಸುತ್ತೇನೆಂದು ಗೊಣಗಿ ಹೊರಟುಹೋದ. ಬೀಸುವ ದೊಣ್ಣೆ ತಪ್ಪಿತ್ತು. ಅಮ್ಮನ ಗಂಟೂ ಅವನ ಜೇಬಿನಲ್ಲಿ ಹೋಗಿತ್ತು.

ಅತ್ತೆ ಬಾಗಿಲು ಹಾಕಿ ಬಂದು ಮೂಗೊರೆಸಿಕೊಂಡಳು.

"ಅತ್ತೆ... ನಿಮಗೆ ಯಾವಾಗಿಂದ..."

"ಮೂರನೇ ಲೋಟದಿಂದ. ನನಗೇನು ಕಣ್ಣಿಲ್ವಾ? ಕೈಜಾರಿ ಬಿಡೋರು ಬೆಚ್ಚಿಬೀಳ್ತಾರೆ. ನೀನು ಬಿಟ್ಟು, ಅದು ಯಾಕೆ ಅಲ್ಲಿಲ್ಲ ಅಂತ ಹುಡುಕ್ತಾ ಇದ್ದೆ. ಅವತ್ತೇ ಹೋಗಿ ಬೀದಿಗೆಲ್ಲ ಜಾರುಗೈ ಅಂತ ಹೇಳ್ಬಂದೆ. ನಾಳೆ ಯಾರಾದ್ರೂ ನೋಡಿದ್ರೂ ನಗ್ತಾರೆ, ಅಷ್ಟೇ."

ಇಷ್ಟು ವರ್ಷ ಸಾಕಿಕೊಂಡು ಬಂದಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಸೊಸೆ ಅತ್ತೆಯ ಭುಜಕ್ಕೆ ಹಣೆ ಒತ್ತಿದಳು.

"ಅವರಿಗೂ ಗೊತ್ತಾ?"

"ಅವನಿಗಾ? ಮದುವೆ ದಿನ ನೀನು ಯಾವ ಬಣ್ಣದ ಬಟ್ಟೆ ಉಟ್ಟಿದ್ದೆ ಕೇಳು, ಅದೂ ಗೊತ್ತಿಲ್ಲ ನನ್ನ ಮಗನಿಗೆ." ಅತ್ತೆ ಒಂದು ಚೂರನ್ನು ಸೆರಗಿನಲ್ಲಿ ಒರೆಸಿದಳು. "ಅದೆಲ್ಲ ಇರ್ಲಿ. ಬಿಟ್ಟ ವಸ್ತು ಬಿಟ್ಟಲ್ಲೇ ನಿಲ್ಲುತ್ತಂತಲ್ಲ, ನಿಜವೇನೇ?"

ರಜೆಯ ದಿನ ಅತ್ತೆ ಹಟ ಹಿಡಿದು ಸೊಸೆಯೊಡನೆ ಸರಕುಕಟ್ಟೆಯ ಲಿಫ್ಟ್ ಹತ್ತಿದಳು. "ನನ್ನ ತೋಳು ಹಿಡ್ಕೊಂಡಿರು. ನೀನು ಹೇಗೆ ತೇಲಿದ್ರೂ ಈ ಮುದುಕಿ ಎಳೆದದ್ದಕ್ಕೆ ಅಂದ್ಕೋತಾರೆ" ಎಂದಳು. ಮೇಲೇರಿದಂತೆ ಮೈ ಹಗುರವಾಯಿತು. ಸರಕುಕಟ್ಟೆಯ ಬಾಗಿಲು ತೆರೆದಾಗ ಸೊಸೆಯ ಕಾಲು ನೆಲವನ್ನು ಬಿಟ್ಟಿತು. ಹನ್ನೊಂದು ವರ್ಷದ ನೋವು ಸೊಂಟದಿಂದ ತಾನಾಗಿ ಕಳಚಿಕೊಂಡಿತು. ಅತ್ತೆ ಕಣ್ಣು ಮುಚ್ಚಿ ಅವಳ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ದೂರದಲ್ಲಿ ಕ್ರೇನಿನ ಗೂಡಿನಿಂದ ಗಂಡ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಒಂದು ಕಣ್ಣು ತೆರೆದಳು. ಸೊಂಟದ ಚೀಲದಿಂದ ನೀಲಿ ಅಂಚಿನ ಚೂರು ತೆಗೆದು ಮುಖದ ಮುಂದೆ ಹಿಡಿದಳು. ಬಿಡಲು ಅವಳಿಗೆ ಧೈರ್ಯ ಬರಲಿಲ್ಲ.

"ಬೀಳಲ್ವೇನೇ?"

"ಇಲ್ಲ ಅತ್ತೆ. ಬಿಡಿ."

ಅತ್ತೆ ಒಂದೊಂದೇ ಬೆರಳು ತೆಗೆದಳು. ಚೂರು ಇಬ್ಬರ ಮುಖಗಳ ನಡುವೆ, ಬಿಟ್ಟಲ್ಲೇ, ಬೆಳಕಿಗೆ ಮೆಲ್ಲಗೆ ತಿರುಗುತ್ತಾ ನಿಂತಿತು.