ನೂರ ಹದಿನೆಂಟು ಹೆಜ್ಜೆಯ ಸಭ್ಯತೆ

ಕನ್ನಡಕದಣ್ಣ ತನ್ನ ಅಂಗಡಿಗೆ ಬಂದವರ ಎಡಗಣ್ಣು ಮುಚ್ಚಿಸಿ, ಬಲಗಣ್ಣು ಮುಚ್ಚಿಸಿ, "ಈಗ ಹೇಗಿದೆ? ಈಗ?" ಎಂದು ಹತ್ತು ಸಲ ಕೇಳದೆ ಯಾರನ್ನೂ ಕುರ್ಚಿಯಿಂದ ಏಳಗೊಡುವವನಲ್ಲ. ಅಂಥವನು ಮೋಟರ್ ಸೈಕಲನ್ನು ಮಾತ್ರ ಒಂದು ಸುತ್ತೂ ಓಡಿಸಿ ನೋಡದೆ ಕೊಂಡ. ಷೋರೂಮಿನಲ್ಲಿ ಓಡಿಸಿ ನೋಡುವವರ ಸಾಲು ಉದ್ದವಿತ್ತು. ಸಾಲಿನಲ್ಲಿ ನಿಲ್ಲುವುದು ತಿಳಿವಳಿಕೆ ಇಲ್ಲದವರ ಕೆಲಸ ಎನ್ನಿಸಿತು ಅವನಿಗೆ. ಮೂರು ತಿಂಗಳು ಫೋನಿನಲ್ಲಿ ಆ ಗಾಡಿಯ ವಿಡಿಯೊಗಳನ್ನು ನೋಡಿ ನೋಡಿ, ಅದನ್ನು ಮಾಡಿದವರಿಗಿಂತ ತನಗೇ ಹೆಚ್ಚು ಗೊತ್ತು ಎಂಬಲ್ಲಿಗೆ ಬಂದು ಮುಟ್ಟಿದ್ದ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. "ಸ್ಕೂಟರ್ ತಗೊಳ್ರಿ, ನಾನೂ ಓಡಿಸ್ಬಹುದು. ದಾರ, ಗುಂಡಿ ತರೋಕೆ ಆಟೋಗೆ ಕಾಯೋದು ತಪ್ಪುತ್ತೆ," ಎಂದು ಮೂರು ಸಲ ಹೇಳಿದ್ದಳು.

"ಮಷೀನಿನ ವಿಷಯ ನಿಂಗೆ ಗೊತ್ತಾಗಲ್ಲ ಕಣೇ," ಎಂದುಬಿಟ್ಟಿದ್ದ, ಹೊಲಿಗೆ ಮಷೀನಿನ ಮುಂದೆ ಕೂತಿದ್ದವಳಿಗೆ! ಅವಳು ಸೂಜಿಗೆ ದಾರ ಪೋಣಿಸಿಕೊಂಡಳು. ಆ ಒಂದು ಮಾತು ಮುಂದೆ ಅವನ ಕೊರಳಿಗೇ ಸುತ್ತಿಕೊಂಡಿತು.

ಮನೆಗೆ ಬಂದ ಮೂರನೇ ದಿನವೇ ಗಾಡಿ ತನ್ನ ಗುಣ ತೋರಿಸಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಕೆಮ್ಮುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹೇಗೋ ಆದರೆ ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ವೇಗ ಏರಿಸಿದರೆ ಇಡೀ ಗಾಡಿ ಅದುರಿ, ಕನ್ನಡಿಯಲ್ಲಿ ಹಿಂದಿನ ಒಂದು ಲಾರಿ ಮೂರಾಗಿ ಕಾಣುತ್ತದೆ. ಅಂಗಡಿ ತಲುಪಿ ಅರ್ಧ ಗಂಟೆಯಾದರೂ ಕೈ ನಡುಗಿ, ಕನ್ನಡಕದ ಸಣ್ಣ ಸ್ಕ್ರೂ ಹಿಡಿದರೆ ಜಾರಿ ಬೀಳುತ್ತದೆ. ಎರಡನೇ ವಾರ ಎಡಗಡೆಯ ಇಂಡಿಕೇಟರ್ ದಾರಿಯಲ್ಲೆಲ್ಲೋ ರಾಜೀನಾಮೆ ಕೊಟ್ಟು ಹೋಯಿತು.

ಸರ್ವಿಸ್ ಸೆಂಟರಿನಲ್ಲಿ ಇಸ್ತ್ರಿ ಅಂಗಿಯ ಒಬ್ಬ ಸದಾ ನಗುನಗುತ್ತಾ ಇರುತ್ತಿದ್ದ. "ಹೊಸ ಗಾಡಿ ಸಾರ್, ಸೆಟ್ ಆಗ್ಬೇಕು," ಎಂದ ಮೊದಲ ಸಲ. ಎರಡನೇ ಸಲ "ಚಳಿ ಸಾರ್," ಎಂದ. ಮೂರನೇ ಸಲ ಸುಡು ಬಿಸಿಲಿತ್ತು. ಆದ್ದರಿಂದ "ಈ ಮಾಡೆಲ್ಲಿನ ಗತ್ತೇ ಇದು ಸಾರ್, ಎಲ್ಲರೂ ಇಷ್ಟಪಡ್ತಾರೆ," ಎಂದ.

ಕನ್ನಡಕದಣ್ಣನ ಹೊಟ್ಟೆ ಉರಿಯಿತು. ಆದರೆ ಆ ಉರಿಯನ್ನು ಮನೆಗೆ ತರುವಂತಿಲ್ಲ. ತಂದರೆ, 'ನಾನು ಆವತ್ತೇ ಹೇಳಿರಲಿಲ್ವಾ' ಎಂದು ಹೆಂಡತಿ ಕೇಳಿಬಿಟ್ಟರೆ? ಆ ಮಾತು ಕೇಳುವುದಕ್ಕಿಂತ ಗಾಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವುದೇ ಮೇಲು ಎಂದುಕೊಂಡ.

ಹೊತ್ತುಕೊಂಡು ಹೋಗಲಿಲ್ಲ, ತಳ್ಳಿಕೊಂಡು ಹೋದ. ಅವನ ಓಣಿ ಮೂಲೆಯ ತನಕ ಸಮತಟ್ಟು, ಮೂಲೆಯಲ್ಲಿ ಒಂದು ಸಣ್ಣ ಇಳಿಜಾರು. ಅಲ್ಲಿ ಗಾಡಿಯನ್ನು ಉರುಳಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಅದು ಬೈದುಕೊಂಡೇ ಎದ್ದೇಳುತ್ತಿತ್ತು. ಮನೆಯಿಂದ ಅಲ್ಲಿಗೆ ನೂರ ಹದಿನೆಂಟು ಹೆಜ್ಜೆ.

"ಯಾಕ್ರೀ ತಳ್ತಿದ್ದೀರಾ?" ಎಂದು ಹೆಂಡತಿ ಕಿಟಕಿಯಿಂದ ಕೇಳಿದಳು.

"ಎದುರುಮನೆ ಮಗು ಮಲಗಿರುತ್ತೆ, ಪಾಪ. ಬೆಳಬೆಳಿಗ್ಗೆ ಯಾಕೆ ಸದ್ದು?" ಎಂದ. ಒಂದೇ ಏಟಿಗೆ ಸ್ಟಾರ್ಟ್ ಆದದ್ದು ಆ ಸುಳ್ಳೊಂದೇ.

ಮಾತು ಎದುರುಮನೆಯ ತಾಯಿಯ ಕಿವಿಗೆ ಬಿತ್ತು. ಅವಳು ಕರಗಿ ನೀರಾದಳು. ಅವಳಿಂದ ಅದು ಓಣಿಯ ಸಂಘದ ಅಧ್ಯಕ್ಷರಾದ ನಿವೃತ್ತ ಡ್ರಾಯಿಂಗ್ ಮೇಷ್ಟರಿಗೆ ತಲುಪಿತು. ಓಣಿಯನ್ನು ಉದ್ಧಾರ ಮಾಡಲು ಮೇಷ್ಟರು ಬಹಳ ದಿನದಿಂದ ಒಂದು ನೆಪ ಹುಡುಕುತ್ತಿದ್ದರು. ಕೂಡಲೇ ಸಭೆ ಸೇರಿಸಿದರು. ಬೆಳಿಗ್ಗೆ ಒಂಬತ್ತರವರೆಗೆ ಓಣಿಯಲ್ಲಿ ಯಾರೂ ಗಾಡಿ ಸ್ಟಾರ್ಟ್ ಮಾಡಕೂಡದು, ಮೂಲೆಯ ತನಕ ತಳ್ಳಿಕೊಂಡೇ ಹೋಗತಕ್ಕದ್ದು ಎಂದು ನಿರ್ಣಯವಾಯಿತು. ಒಳ್ಳೆಯ ಗಾಡಿಗಳಿದ್ದ ಹದಿನೇಳು ಮಂದಿ ಹಲ್ಲು ಕಚ್ಚಿಕೊಂಡು ಕೈ ಎತ್ತಿದರು. ಮಗುವಿನ ನಿದ್ದೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಮೇಷ್ಟರು ತಾವೇ ಬಗ್ಗಿ, ಮೂಲೆಯಲ್ಲಿ ಅಡ್ಡಲಾಗಿ ಬಿಳಿ ಗೆರೆ ಎಳೆದರು.

ನಿಯಮ ಜಾರಿಯಾದ ದಿನ ಹದಿನೆಂಟು ಗಾಡಿಗಳೂ ಗೆರೆಯ ಹತ್ತಿರ ಬಂದು ನಿಂತವು. ನೋಡಲು ಬಂದ ಜನ ಇಳಿಜಾರಿನ ತುಂಬ ನಿಂತಿದ್ದರು, ಗಾಡಿ ಉರುಳಬಿಡಲು ಜಾಗವೇ ಇರಲಿಲ್ಲ. ಹೆಂಡತಿಯೂ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದಳು.

"ಮೊದಲು ನೀವೇ ಸ್ಟಾರ್ಟ್ ಮಾಡ್ಬೇಕು. ನಮಗೆಲ್ಲ ನೀವೇ ಮಾದರಿ," ಎಂದರು ಮೇಷ್ಟರು.

ಅವನು ಗೆರೆ ದಾಟಿ ಗುಂಡಿ ಒತ್ತಿದ. ಒಂದು ಕೆಮ್ಮು ಬಂತು. ಮತ್ತೆ ಒತ್ತಿದ. ಈ ಸಲ ಅದೂ ಬರಲಿಲ್ಲ. ಹಣೆಯಿಂದ ಬೆವರು ಇಳಿಯಿತು.

ಮೇಷ್ಟರು ಜನರ ಕಡೆ ತಿರುಗಿದರು. "ನೋಡಿದ್ರಾ! ಗೆರೆ ದಾಟಿದ್ರೂ ಸದ್ದು ಮಾಡೋಕೆ ಅವರಿಗೆ ಮನಸ್ಸು ಬರ್ತಿಲ್ಲ. ನಿಜ ಅಲ್ವಾ, ಈ ಮೂಲೇಲೂ ಮನೆಗಳಿವೆ! ಇನ್ಮೇಲೆ ಎಲ್ಲರೂ ದೊಡ್ಡ ರಸ್ತೆ ತನಕ ತಳ್ಳೋಣ."

ಚಪ್ಪಾಳೆ ಬಿತ್ತು. "ಸಾರ್, ನಂಗೆ ಎಂಟಕ್ಕೆಲ್ಲ ಫ್ಯಾಕ್ಟರಿಲಿ ಹಾಜರಿ," ಎಂದು ಎದುರುಮನೆ ಮಗುವಿನ ಅಪ್ಪನೇ ಗೊಣಗಿದ. ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು. ಕನ್ನಡಕದಣ್ಣ ಈಗ ಬಾಯಿ ಮುಚ್ಚಿಕೊಂಡು ತಳ್ಳಿದ್ದರೆ ಸಾಕಿತ್ತು, ಅವನ ಮಾನಕ್ಕೇನೂ ಆಗುತ್ತಿರಲಿಲ್ಲ. ಆದರೆ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಇನ್ಯಾರೋ ಕತ್ತರಿಸಿ ಕೆಡಿಸಿದ ಬಟ್ಟೆಯನ್ನು ನೋಡುವ ಹಾಗೆ ಅವಳು ಗಾಡಿಯನ್ನೇ ನೋಡುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ಇಲ್ಲ ಮೇಷ್ಟ್ರೇ. ಮಗು ಗಿಗು ಏನೂ ಇಲ್ಲ. ಈ ಗಾಡಿ ಸ್ಟಾರ್ಟೇ ಆಗಲ್ಲ, ಅದಕ್ಕೇ ತಳ್ತಿದ್ದೆ. ಇದನ್ನ ತಗೊಂಡು ತಪ್ಪು ಮಾಡ್ದೆ."

ಮೇಷ್ಟರ ಕಣ್ಣು ಒದ್ದೆಯಾಯಿತು. "ಎಂಥ ವಿನಯ ನೋಡಿ! ಮಾಡಿದ ಒಳ್ಳೇದನ್ನೂ ತಪ್ಪು ಅಂತ ಹೇಳ್ಕೋತಾರೆ. ತಳ್ಳಿ, ಎಲ್ಲರೂ ತಳ್ಳಿ!"

ಜನ ದಾರಿ ಬಿಟ್ಟರು. ಇಳಿಜಾರು ಮುಗಿದು ಗಾಡಿ ಮತ್ತೆ ಭಾರವಾದಾಗ, ಹಿಂದಿನಿಂದ ಯಾರೋ ಕೈ ಕೊಟ್ಟ ಹಾಗಾಯಿತು. ತಿರುಗಿ ನೋಡಿದರೆ ಹೆಂಡತಿ.

"ನೀನಾದ್ರೂ ನಂಬ್ತೀಯಾ?" ಎಂದ.

"ನಂಗೆ ಯಾವತ್ತೋ ಗೊತ್ತು. ಮೂಲೇಲಿ ಅದು ಬಡ್ಕೊಳ್ಳೋದು ನಮ್ಮನೆಗೇ ಕೇಳುತ್ತೆ. ಎದುರುಮನೆ ಮಗು ದಿನಾ ಎದ್ದು ಅಳೋದೇ ಆ ಸದ್ದಿಗೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವೇ ಬಿಡ್ಲಿ ಅಂತ ಕಾಯ್ತಿದ್ದೆ."

ಅವನಿಗೆ ನಾಚಿಕೆಯಾಯಿತು, ಎದೆಯೂ ಹಗುರಾಯಿತು. ಗಾಡಿ ಬಂದಂದಿನಿಂದ ಅವಳ ಎದುರಿಗೆ ಕಳ್ಳನ ಹಾಗೆ ಬದುಕಿದ್ದು ನೆನೆದು, ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

"ನೀನು ಹೇಳಿದ್ದೇ ಸರಿ ಕಣೇ," ಎಂದ, ಹ್ಯಾಂಡಲ್ ಕಡೆ ನೋಡುತ್ತಾ.

"ಏನಂದ್ರಿ? ಗಾಡಿ ಸದ್ದಿಗೆ ಕೇಳಿಸ್ಲಿಲ್ಲ."

ಗಾಡಿ ಉಸಿರೆತ್ತಿರಲಿಲ್ಲ. ಹಿಂದೆ ಹದಿನೇಳು ಒಳ್ಳೆಯ ಗಾಡಿಗಳು, ಒಂದೂ ಉಸಿರೆತ್ತದೆ, ತಮ್ಮ ಯಜಮಾನರಿಂದ ತಳ್ಳಿಸಿಕೊಂಡು ಬರುತ್ತಿದ್ದವು. ಅವನು ಗಂಟಲು ಸರಿಮಾಡಿಕೊಂಡು, ಅಷ್ಟೂ ಜನಕ್ಕೆ ಕೇಳುವ ಹಾಗೆ ಇನ್ನೊಂದು ಸಲ ಹೇಳಿದ.